ಸರದಿಯ ಬಾವುಟ

ಭಾನುವಾರ, ಮಧ್ಯಾಹ್ನ

ಬೂದು ಸೈನ್ಯದ ದಂಡನಾಯಕರಿಗೆ,

ಹಸಿರು ಕೋಟೆಯ ಒಳಗಿನಿಂದ ನಮಸ್ಕಾರ. ಕೋಟೆ ಇನ್ನೂ ಬಿದ್ದಿಲ್ಲ. ಬೀಳಿಸಬೇಕಾದವರೇ ಬಾಗಿಲ ಮುಂದೆ ಬಂದು ನಿಂತು ಮರೆತುಬಿಟ್ಟರೆ ಅದಾದರೂ ಹೇಗೆ ಬೀಳಬೇಕು?

ನಿಮ್ಮ ಹಿಂದಿನ ಪತ್ರ ಬಂದಾಗ ಫ್ಯಾನು ಹಾಕುವ ಕಾಲ ಇನ್ನೂ ಶುರುವಾಗಿರಲಿಲ್ಲ. ಈಗ ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚುವ ಕಾಲ ಬಂದಿದೆ. ಆ ಪತ್ರದ ಕೊನೆಯ ಸಾಲುಗಳು ನನಗೆ ಬಾಯಿಪಾಠವಾಗಿವೆ. 'ನನ್ನ ಸೇನಾಪತಿ ನಿನ್ನ ಬಾಗಿಲಿಗೆ ಬಂದಿದ್ದಾನೆ. ಒಡೆಯಬೇಕಾದರೆ ಆರು ಬೀಳಬೇಕು. ದಾಳ ಹಾಕಿ ಮುಂದಿನ ಪತ್ರದಲ್ಲಿ ತಿಳಿಸುತ್ತೇನೆ' ಎಂದು ಬರೆದಿದ್ದಿರಿ. ಆ ಮುಂದಿನ ಪತ್ರ ಎಲ್ಲಿದೆ ಸ್ವಾಮಿ? ಬಂದರಿನಲ್ಲಿ ಕ್ರೇನಿನ ತುದಿಯಲ್ಲಿ ಕೂತವರಿಗೆ ಕೆಳಗಿನವರು ಇರುವೆಗಳಂತೆ ಕಾಣುತ್ತಾರೆ ಎಂದು ನೀವೇ ಹೇಳುತ್ತಿದ್ದಿರಿ. ಈ ಇರುವೆ ದಿನಾ ಸಂಜೆ ಕೆಲಸ ಮುಗಿಸಿ ಬಂದು ಅಂಚೆ ಡಬ್ಬಿಯೊಳಗೆ ಕೈ ಹಾಕಿ ತಡವುತ್ತದೆ. ಒಳಗೆ ವಿದ್ಯುತ್ ಬಿಲ್ಲು ಸಿಗುತ್ತದೆ, ಹಲ್ಲಿನ ಡಾಕ್ಟರ ಜಾಹೀರಾತು ಸಿಗುತ್ತದೆ.

ನಿಮ್ಮ ಸೇನಾಪತಿ, ಅಂದರೆ ಆ ದೊಡ್ಡ ಕಪ್ಪು ಗುಂಡಿ, ನಮ್ಮ ಊಟದ ಮೇಜಿನ ಮೇಲೆ ನನ್ನ ಬಾಗಿಲಿಗೆ ಮುಖ ಮಾಡಿಕೊಂಡು ಕೂತೇ ಇದ್ದಾನೆ. ಉಳಿದ ಗುಂಡಿಗಳು ಅವನ ಹಿಂದೆ ಸಾಲಾಗಿ ನಿಂತಿವೆ. ಒಮ್ಮೆ ನಲ್ಲಿ ರಿಪೇರಿಯವನು ಬಂದು ಮೇಜನ್ನು ನೋಡಿ, ಹೊಲಿಗೆ ಕೆಲಸ ಮಾಡ್ತೀರಾ ಎಂದು ಕೇಳಿದ. ಹೌದು ಎಂದೆ. ಇವು ನನ್ನ ಗಂಡನ ಸೈನಿಕರು, ಗಂಡ ಬೇರೆ ಊರಲ್ಲಿದ್ದಾರೆ, ಪತ್ರದಲ್ಲಿ ಯುದ್ಧ ಮಾಡುತ್ತಿದ್ದೇವೆ ಎಂದು ವಿವರಿಸಹೊರಟರೆ ಅವನು ನಲ್ಲಿಯನ್ನು ಅರ್ಧಕ್ಕೇ ಬಿಟ್ಟು ಓಡಿಹೋಗುತ್ತಿದ್ದ.

ನನಗೂ ಕೆಲವೊಮ್ಮೆ ವಿಚಿತ್ರ ಅನ್ನಿಸುತ್ತದೆ. ನೀವು ಬೂದು ಬಣ್ಣದ ಆ ಪುಟ್ಟ ಬೊಂಬೆ ಸೈನ್ಯವನ್ನು ಬೂಟಿನ ಡಬ್ಬಿಗೆ ತುಂಬಿಕೊಂಡು ಬೇರೆ ಬಂದರಿಗೆ ವರ್ಗ ಮಾಡಿಸಿಕೊಂಡು ಹೋದಾಗ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಯಾರದು ತಪ್ಪು ಎಂದು ಬರೆಯಹೊರಟರೆ ಅಂಚೆಯವನಿಗೆ ಭಾರವಾಗುತ್ತದೆ, ಅದು ಬೇಡ. ಇಬ್ಬರಿಗೂ ಗಂಟಲು ಸೋತಿತ್ತು, ಅಷ್ಟೇ. ಆಮೇಲೆ ಒಂದು ದಿನ ನಿಮ್ಮ ಮೊದಲ ಪತ್ರ ಬಂತು. ಕ್ಷೇಮವೇ ಎಂದು ಕೂಡ ಇರಲಿಲ್ಲ. ಒಂದು ನಕ್ಷೆ, 'ನನ್ನ ಕುದುರೆಗಳು ಎಡದಿಂದ ಹೊರಟಿವೆ' ಎಂಬ ಒಂದು ಸಾಲು. ನಾನು ಅಂದೇ ನನ್ನ ಹಸಿರು ಸೈನ್ಯವನ್ನು ಮಂಚದಡಿಯಿಂದ ತೆಗೆದೆ. ನಿಮ್ಮವರ ಜಾಗಕ್ಕೆ ಗುಂಡಿಗಳನ್ನಿಟ್ಟೆ. ನೀವು ನಿಮ್ಮ ಕೋಣೆಯಲ್ಲಿ ನನ್ನವರ ಜಾಗಕ್ಕೆ ಕಬ್ಬಿಣದ ನಟ್ಟುಗಳನ್ನು ಇಟ್ಟಿರೆಂದು ಬರೆದಿದ್ದಿರಿ. ನನ್ನ ಪಾಲಿಗೆ ಬರೀ ನಟ್ಟೇ ಎಂದು ಸ್ವಲ್ಪ ಮುಖ ಊದಿಸಿಕೊಂಡಿದ್ದೆ.

ಅವರವರ ದಾಳವನ್ನು ಅವರವರ ಮನೆಯಲ್ಲೇ ಹಾಕಿ, ಬಿದ್ದದ್ದನ್ನು ಬರೆದು ತಿಳಿಸಬೇಕು. ಓದಿದವರು ನಂಬಬೇಕು. ಎದುರೆದುರು ಕೂತು ಹೇಳಿದ ಮಾತನ್ನು ನಂಬದೆ ಹೋದ ನಾವು ಕಣ್ಣಿಗೆ ಕಾಣದ ದಾಳವನ್ನು ನಂಬಿದೆವು. ನಿಮಗೆ ಒಂದಾದ ಮೇಲೊಂದು ಪತ್ರದಲ್ಲಿ ಬರೀ ಒಂದು, ಎರಡು ಬಿದ್ದಾಗ ಪಾಪ ಅನ್ನಿಸುತ್ತಿತ್ತು. ಜೊತೆಯಲ್ಲಿದ್ದಾಗ ನಿಮ್ಮ ಬಗ್ಗೆ ಪಾಪ ಅನ್ನಿಸಿದ್ದು ಕಡಿಮೆ.

ಗೊಣಗಿದ್ದು ಸಾಕು. ಬರೆಯಲು ಕೂತ ಕಾರಣ ಬೇರೆ. ಒಂದು ಹಳೆಯ ಸೈನ್ಯ ಮಾರಾಟಕ್ಕಿದೆ. ಕೊಳ್ಳಲೋ ಬೇಡವೋ ತಿಳಿಯುತ್ತಿಲ್ಲ. ಈ ವಿಷಯದಲ್ಲಿ ಸಲಹೆ ಕೇಳಲು ನಿಮ್ಮನ್ನು ಬಿಟ್ಟರೆ ನನಗೆ ಇನ್ನೊಬ್ಬರಿಲ್ಲ.

ನಮ್ಮ ಕನ್ನಡಕದ ಅಂಗಡಿ ನಿಮಗೆ ಗೊತ್ತೇ ಇದೆ. ಏನೂ ಬದಲಾಗಿಲ್ಲ. ಮುಂದೆ ಮಾಲೀಕರು ಹೊಸ ಫ್ರೇಮುಗಳನ್ನು ತೋರಿಸಿ ಎಲ್ಲರಿಗೂ 'ನಿಮ್ಮ ಮುಖಕ್ಕೆ ಒಪ್ಪುತ್ತೆ' ಅನ್ನುತ್ತಾರೆ. ಹಿಂದೆ, ಪರದೆಯ ಆಚೆ, ದೀಪದ ಕೆಳಗೆ ನಾನು ಮುರಿದ ಕಡ್ಡಿಗಳನ್ನು ಕೂಡಿಸುತ್ತೇನೆ. ಮೊನ್ನೆ ಒಬ್ಬ ಹೆಂಗಸು ಬಂದರು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಈಚೆಗಷ್ಟೇ ನಿವೃತ್ತರಾದವರು. ಗಿಡ್ಡ ಆಳು, ನೆಟ್ಟಗಿನ ಬೆನ್ನು, ಎದುರಿದ್ದವರು ತಾವಾಗಿ ಕೈ ಕಟ್ಟಿಕೊಳ್ಳುವಂಥ ಧ್ವನಿ. ಅವರು ತಂದದ್ದು ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ. ಒಂದು ಕಡೆಯ ಸ್ಕ್ರೂ ಬಿದ್ದುಹೋಗಿತ್ತು. ಸರಿಮಾಡಿಕೊಡಿ, ಮಾರಬೇಕು ಎಂದರು.

ಅಂಚಿನಲ್ಲಿ ಒಂದು ತೊಟ್ಟು ಬೂದು ಬಣ್ಣ ಒಣಗಿ ಅಂಟಿಕೊಂಡಿತ್ತು. ನಿಮ್ಮದೂ ಹೀಗೇ ಇತ್ತಲ್ಲ, ಅದೇ ಜಾಗದಲ್ಲಿ. ಬಣ್ಣ ಹಚ್ಚುವಾಗ ಕುಂಚ ಹಿಡಿದ ಕೈಯಲ್ಲೇ ಅದನ್ನು ಮೇಲೆ ತಳ್ಳುವ ಕೆಟ್ಟ ಚಾಳಿ ನಿಮಗೊಬ್ಬರಿಗೇ ಇರುವುದು ಎಂದುಕೊಂಡಿದ್ದೆ. ಇದನ್ನು ಕಟ್ಟಿಕೊಂಡು ಯಾರಾದರೂ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದರಾ ಎಂದು ಕೇಳಿದೆ. ಟೀಚರ್ ನನ್ನನ್ನು, ಸರಿಯುತ್ತರ ಕೊಟ್ಟ ಹುಡುಗಿಯನ್ನು ನೋಡುವಂತೆ ನೋಡಿದರು. ಅವರ ಯಜಮಾನರು ಕಳೆದ ಚಳಿಗಾಲದಲ್ಲಿ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗಲೇ ಕುಸಿದು ತೀರಿಕೊಂಡರಂತೆ. ಅವರ ಸೈನ್ಯ ಹಾಗೇ ಇದೆಯಂತೆ, ಅದನ್ನೂ ಮಾರಬೇಕಂತೆ.

ಸಂಜೆ ಹೋಗಿ ನೋಡಿ ಬಂದೆ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ಸೋಪಿನ ವಾಸನೆ, ನೆಲ ಬೆಚ್ಚಗೆ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಮೇಜಿನ ಮೇಲೆ ಆಟ ಅರ್ಧಕ್ಕೆ ನಿಂತಿದೆ. ಬೆಂಡಿನ ಗುಡ್ಡ, ಗಾಜಿನ ಚೂರಿಗೆ ಬಣ್ಣ ಬಳಿದು ಮಾಡಿದ ಹೊಳೆ, ಆಚೆಗೆ ಹಳದಿ ಸೈನ್ಯ, ಈಚೆಗೆ ಬೂದು ಸೈನ್ಯ. ನಿಮ್ಮದರಂಥದೇ ಬೂದು ಸೈನ್ಯ, ಅದೇ ನಿಲುವಂಗಿ, ಅದೇ ಉದ್ದನೆಯ ಭರ್ಜಿ. ಹೇಳಿದರೆ ಹೊಟ್ಟೆ ಉರಿದುಕೊಳ್ಳುತ್ತೀರಿ, ಬಣ್ಣ ನಿಮ್ಮ ಕೆಲಸಕ್ಕಿಂತ ಚೆನ್ನಾಗಿದೆ. ಕುದುರೆಗಳ ಗೊರಸಿಗೆ ಕೆಸರು ಕೂಡ ಮೆತ್ತಿದ್ದಾರೆ. ಮೇಜಿನ ಈಚೆ ಅಂಚಿನಲ್ಲಿ ಹಲ್ಲುಕಡ್ಡಿಗೆ ಅಂಟಿಸಿದ ಪುಟ್ಟ ಕೆಂಪು ಬಾವುಟ. ಎಲ್ಲಿಯೂ ಒಂದು ಕಣ ಧೂಳಿಲ್ಲ.

ಎದುರಿಗೆ ಯಾರು ಆಡುತ್ತಿದ್ದರು ಎಂದು ಕೇಳಿದೆ.

"ಯಾರೂ ಇಲ್ಲ. ಒಬ್ರೇ ಆಡ್ಕೊಳ್ತಿದ್ರು. ಹಳದಿ ಸೈನ್ಯ ಯಾರದ್ದೂ ಅಲ್ಲ" ಎಂದರು ಟೀಚರ್.

ಬೂದು ಸೈನ್ಯವೊಂದನ್ನೇ ಬೇಕಾದರೂ ಕೊಡುತ್ತಾರಂತೆ. ನೀವಾದರೆ ಬಣ್ಣ, ಮುರಿದ ಭರ್ಜಿ, ಅಂಟು ಎಲ್ಲ ನೋಡಿ ಹೇಳುತ್ತಿದ್ದಿರಿ. ನಾನು ಬೇರೆಯದನ್ನೇ ಯೋಚಿಸುತ್ತಿದ್ದೇನೆ. ಅದನ್ನು ಕೊಂಡರೆ ಗುಂಡಿಗಳನ್ನು ತೆಗೆದು ನಿಜವಾದ ಸೈನಿಕರನ್ನು ನಿಲ್ಲಿಸಬಹುದು. ಆಮೇಲೆ ನಿಮ್ಮ ಪತ್ರಕ್ಕೆ ಕಾಯಬೇಕಾಗಿಲ್ಲ. ಈ ಕಡೆ ಕೂತು ನನ್ನ ನಡೆ, ಎದ್ದುಹೋಗಿ ಆ ಕಡೆ ಕೂತು ನಿಮ್ಮ ನಡೆ. ಅಂಚೆ ಡಬ್ಬಿಗೆ ಕೈ ಹಾಕುವ ಕೆಲಸವೇ ತಪ್ಪುತ್ತದೆ. ಆಸೆಯೂ ಅದೇ, ಭಯವೂ ಅದೇ. ಕುರ್ಚಿಯಿಂದ ಕುರ್ಚಿಗೆ ಎದ್ದು ಹೋಗುವ ಹೆಂಗಸು ಆಗಿಬಿಟ್ಟರೆ ಅಲ್ಲಿಂದ ವಾಪಸು ಬರಲು ದಾರಿ ಇರುತ್ತದೆಯೇ?

ಕೊಳ್ಳಲೋ ಬೇಡವೋ, ಎರಡಕ್ಷರ ಬರೆಯಿರಿ. ಟೀಚರ್‌ಗೆ ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ಪತ್ರ ನಾಳೆ ಅಂಚೆಗೆ ಹಾಕುತ್ತೇನೆ.

ಮತ್ತೆ ಭಾನುವಾರ

ಹಾಕಲಿಲ್ಲ. ಈ ವಾರ ನಿಮ್ಮದೇ ಪತ್ರ ಬಂದರೆ ಇದನ್ನು ಹರಿದು ಬೇರೆ ಬರೆಯಬಹುದು ಎಂದುಕೊಂಡೆ. ಹಲ್ಲಿನ ಡಾಕ್ಟರು ಮಾತ್ರ ಮರೆಯದೆ ಬರೆದಿದ್ದಾರೆ.

ಅಂಗಡಿಯಲ್ಲಿ ಮಾಲೀಕರಿಗೆ ವಿಷಯ ಗೊತ್ತಾಯಿತು. ಟೀಚರ್ ಭೂತಗನ್ನಡಿ ತೆಗೆದುಕೊಂಡು ಹೋಗಲು ಬಂದಾಗ ಸೈನ್ಯದ ಮಾತೆತ್ತಿದರು, ಮಾಲೀಕರ ಕಿವಿ ಚುರುಕಾಯಿತು. ಸೈನ್ಯ ಕೊಂಡು ಏನು ಮಾಡುತ್ತೀಯಮ್ಮ, ನನ್ನ ಮೇಲೆ ದಂಡೆತ್ತಿ ಬರುತ್ತೀಯಾ ಎಂದು ನಕ್ಕರು. ಸಂಬಳ ಜಾಸ್ತಿ ಮಾಡದಿದ್ದರೆ ಬರುತ್ತೇನೆ ಎಂದೆ. ಆಮೇಲೆ ಮೆಲ್ಲಗೆ, ಎದುರಿಗೆ ಆಡುವವರು ಯಾರು ಎಂದು ಕೇಳಿದರು. ಒಳ್ಳೆಯ ಮನುಷ್ಯ, ಕೆಟ್ಟದ್ದೇನೂ ಮನಸ್ಸಿನಲ್ಲಿರಲಿಲ್ಲ. ನಾನು ಸ್ಕ್ರೂ ಹುಡುಕುವ ನೆಪ ಮಾಡಿ ಮೇಜಿನ ಕೆಳಗೆ ಬಗ್ಗಿದೆ.

ಇವತ್ತು ಬೆಳಿಗ್ಗೆ ಎರಡನೇ ಸಲ ಹೋದೆ, ಹಗಲಿನ ಬೆಳಕಿನಲ್ಲಿ ಬಣ್ಣ ನೋಡುವ ಎಂದು. ಟೀಚರ್ ಚಹಾ ಮಾಡಿದರು. ಲೋಟ ತೊಳೆದಿಟ್ಟು, ಒಂದು ಮೆತ್ತನೆಯ ಕುಂಚ ತಂದು ನನ್ನೆದುರೇ ಸೈನಿಕರ ಧೂಳು ಹೊಡೆಯತೊಡಗಿದರು. ಆಗ ಅವರು ಹೇಳಿದ್ದನ್ನು ನಿಮಗೆ ಹೇಳದೆ ಇರಲಾರೆ.

ಮದುವೆಯಾದಾಗಿನಿಂದ ಆ ಮೇಜಿನ ಧೂಳು ಹೊಡೆಯುವುದು ಅವರ ಕೆಲಸ. ಯಜಮಾನರು ರಾತ್ರಿಪಾಳಿಯ ನೌಕರಿಯವರು. ಟೀಚರ್ ಶಾಲೆಗೆ ಹೊರಡುವ ಮುಂಚೆ ಧೂಳು ಹೊಡೆದು ಹೋಗಬೇಕು, ಅವರು ಬಂದು ಮಲಗಿ ಎದ್ದು ಆಡಬೇಕು. ಒಂದು ದಿನ ಅವಸರದಲ್ಲಿ ಹಳದಿ ಸೈನ್ಯದ ಒಬ್ಬ ಸವಾರ ಕೈತಪ್ಪಿ ಬಿದ್ದ. ಎಲ್ಲಿದ್ದ ಎಂದು ಸರಿಯಾಗಿ ನೆನಪಾಗದೆ, ಇದ್ದ ಜಾಗಕ್ಕಿಂತ ಒಂದಿಷ್ಟು ಮುಂದೆ ಇಟ್ಟುಬಿಟ್ಟರು. ಗೊತ್ತಾದರೆ ರಂಪವಾಗುತ್ತದೆ ಎಂದು ದಿನವಿಡೀ ಹೆದರಿದ್ದರಂತೆ. ಮಾರನೆಯ ಬೆಳಿಗ್ಗೆ ನೋಡಿದರೆ ಸವಾರ ಅಲ್ಲೇ ಇದ್ದಾನೆ, ಎದುರಿನ ಬೂದು ಭರ್ಜಿಯವರೆಲ್ಲ ಅವನ ಕಡೆ ತಿರುಗಿ ನಿಂತಿದ್ದಾರೆ.

ಟೀಚರ್‌ಗೆ ನಗು ತಡೆಯಲಾಗಲಿಲ್ಲವಂತೆ. ಆವತ್ತು ಬೇಕೆಂದೇ ಇನ್ನೊಬ್ಬನನ್ನು ಸರಿಸಿದರು. ಅವನು ಮಾರನೆಯ ದಿನ ಮೊದಲಿನ ಜಾಗದಲ್ಲೇ ಇದ್ದ. ಓಹೋ, ಹಾಗೆ ಹೋಗುವಂತಿಲ್ಲ ಎಂದು ತಿಳಿಯಿತು. ಸರಿಸಿದ್ದು ಅಲ್ಲೇ ಉಳಿದರೆ ಸರಿ, ಹಿಂದಕ್ಕೆ ಬಂದಿದ್ದರೆ ತಪ್ಪು. ಕುದುರೆ ಹೊಳೆ ದಾಟುವಂತಿಲ್ಲ, ಬಿಲ್ಲಿನವನಿಗೆ ಗುಡ್ಡದ ಆಚೆ ಕಾಣುವುದಿಲ್ಲ, ಸೇನಾಪತಿ ಇಲ್ಲದ ಸಾಲು ಬೇಗ ಬೆದರುತ್ತದೆ. ಒಂದೊಂದಾಗಿ ಇಡೀ ಆಟ ಕಲಿತರು. ಯಾರೂ ಹೇಳಿಕೊಡಲಿಲ್ಲ. ಊಟಕ್ಕೆ ಕೂತರೆ ಮಾತೆಲ್ಲ ಹಾಲಿನವನದು, ಬಾಡಿಗೆಯದು, ಮನೆ ಮಾಳಿಗೆ ಸೋರುವುದರದು. ಮೇಜಿನ ವಿಷಯ ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಹಾಗೆಯೇ ಜೀವಮಾನ ಕಳೆಯಿತು.

ಮತ್ತೆ ಟೀಚರ್ ಸ್ವಲ್ಪ ನಾಚಿಕೊಂಡು ಇನ್ನೊಂದು ಮಾತು ಹೇಳಿದರು. ಆಗಾಗ ಬೇಕೆಂದೇ ತಪ್ಪು ನಡೆ ನಡೆಸುತ್ತಿದ್ದರಂತೆ. ಕಾಲಾಳನ್ನು ಗುಡ್ಡದ ನೆತ್ತಿಯ ಮೇಲೆ ಶತ್ರುವಿಗೆ ಬೆನ್ನು ಮಾಡಿ ನಿಲ್ಲಿಸುವುದು, ಬಿಲ್ಲಿನವನನ್ನು ಹೊಳೆಯ ನಡುವೆ ಇಡುವುದು. ಮಾರನೆಯ ದಿನ ಅವನು ಗಂಭೀರವಾಗಿ ದಡಕ್ಕೆ ವಾಪಸು ಬಂದಿರುವುದನ್ನು ನೋಡುವುದೇ ಒಂದು ಖುಷಿ. ಗಂಡನನ್ನು ಕೆಣಕಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಯಜಮಾನರು ಹೋದ ದಿನವೂ ಬೆಳಿಗ್ಗೆ ಒಬ್ಬ ಬಿಲ್ಲಿನವನನ್ನು ಹೊಳೆಯಲ್ಲಿ ನಿಲ್ಲಿಸಿ ಶಾಲೆಗೆ ಹೋಗಿದ್ದರು. ಅವನು ಇವತ್ತಿಗೂ ಅಲ್ಲೇ ನಿಂತಿದ್ದಾನೆ. ದಡಕ್ಕೆ ತರುವವರು ಬರಲಿಲ್ಲ.

ಟೀಚರ್ ಕುಂಚ ಕೆಳಗಿಟ್ಟು ನನ್ನನ್ನೇ ಕೇಳಿದರು. "ನಿಮಗೆ ಈ ಆಟ ಗೊತ್ತಲ್ಲ, ಅದಕ್ಕೆ ಕೇಳ್ತೀನಿ. ಸರಿಸ್ತಿರೋದು ನಾನು ಅಂತ ಅವರಿಗೆ ಗೊತ್ತಿತ್ತಾ? ಇಲ್ಲಾ, ತಾವೇ ಸರಿಸಿ ಮರೆತೆ ಅಂದ್ಕೊಳ್ತಿದ್ರಾ?"

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅದಕ್ಕೇ ಮಾರುತ್ತಿದ್ದೇನೆ, ಆ ಪ್ರಶ್ನೆಯನ್ನು ಮನೆಯಲ್ಲಿಟ್ಟುಕೊಂಡು ಅದರ ಪಕ್ಕ ಓಡಾಡಲು ಆಗುವುದಿಲ್ಲ ಎಂದರು ಅವರು. ಕುಂಚ ಎತ್ತಿಕೊಂಡು ಧೂಳು ಹೊಡೆಯುವುದನ್ನು ಮುಗಿಸಿದರು. ಆ ಕೆಂಪು ಬಾವುಟವನ್ನು ತೋರಿಸಿ, ಇದೊಂದು ಯಾವಾಗಲೂ ಅಡ್ಡ, ದಿನಾ ಧೂಳು ಹೊಡೆಯುವ ಕಡೆಯಲ್ಲೇ ಸಿಕ್ಕಿಸಿರುತ್ತಿದ್ದರು, ನಾನು ತೆಗೆದು ಅವರ ಕಡೆ ನೆಟ್ಟು ಹೋಗುತ್ತಿದ್ದೆ ಎಂದು ಗೊಣಗಿದರು. ಬರುವ ಭಾನುವಾರ ಡಬ್ಬಿ ತಂದು ತೆಗೆದುಕೊಂಡು ಹೋಗುತ್ತೇನೆ ಎಂದು ಒಪ್ಪಿ ಬಂದೆ.

ನೋಡಿ, ಒಪ್ಪಿ ಬಂದುಬಿಟ್ಟೆ. ನಿಮ್ಮ ಸಲಹೆಗೆ ಕಾಯಲಿಲ್ಲ.

ಈಗ ಮನೆಗೆ ಬಂದು ಅಡುಗೆಕಟ್ಟೆಯ ಹತ್ತಿರ ನಿಂತು ಬ್ರೆಡ್ಡು ತಿನ್ನುತ್ತಿದ್ದೆ. ಮೇಜಿನ ಮೇಲೆ ಯುದ್ಧ ಇರುವುದರಿಂದ ನನ್ನ ಊಟವೆಲ್ಲ ನಿಂತುಕೊಂಡೇ ಎಂದು ನಿಮಗೆ ಯಾವತ್ತೂ ಬರೆದಿಲ್ಲ ಅಲ್ಲವೇ? ಬ್ರೆಡ್ಡು ಕಚ್ಚುತ್ತ ಗುಂಡಿಗಳನ್ನು ನೋಡುತ್ತಿದ್ದಾಗ ಆ ಬಾವುಟ ನೆನಪಾಯಿತು. ಕಚ್ಚಿದ್ದು ಬಾಯಲ್ಲೇ ಉಳಿಯಿತು.

ಅದು ಸರದಿಯ ಬಾವುಟ. ಯಾರ ಕಡೆ ಇದೆಯೋ ಅವರು ಆಡಬೇಕು. ನೀವು ಶುರುವಿನಲ್ಲಿ ನನಗೆ ಕಲಿಸುವಾಗ ಹೇಳಿದ್ದಿರಿ, ಎದುರೆದುರು ಕೂತವರಿಗೆ ಅದು ಬೇಡ, ಈ ಆಟದ ಹಳೆಯ ಪೆಟ್ಟಿಗೆಗಳಲ್ಲಿ ಮಾತ್ರ ಬರುತ್ತದೆ ಎಂದು. ನಮ್ಮಂಥ ಪತ್ರದವರಿಗೂ ಬೇಡ, ಪತ್ರ ಬಂದರೆ ಸರದಿ ಬಂದ ಹಾಗೆ. ಒಬ್ಬರೇ ಆಡಿಕೊಳ್ಳುವವರಿಗಂತೂ ಯಾಕೆ ಬೇಕು? ಯಾರ ಸರದಿ ಎಂದು ತನಗೆ ತಾನೇ ತಿಳಿಸಿಕೊಳ್ಳಬೇಕೇ? ಅದು ಬೇಕಾಗುವುದು ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರು ಬರುವವರಿಗೆ. ದಿನಾ ತನ್ನ ನಡೆ ಮುಗಿಸಿ ಆ ಮನುಷ್ಯ ಬಾವುಟವನ್ನು ಹೆಂಡತಿ ಧೂಳು ಹೊಡೆಯುವ ಕಡೆ ನೆಡುತ್ತಿದ್ದ. ಹೆಂಡತಿ ಅಡ್ಡವೆಂದು ಕಿತ್ತು ಅವನ ಕಡೆ ನೆಡುತ್ತಿದ್ದಳು.

ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಇದನ್ನು ಟೀಚರ್‌ಗೆ ಹೇಳಿದರೆ ಅವರು ಸೈನ್ಯ ಮಾರುವುದಿಲ್ಲ. ಹೇಳದಿದ್ದರೆ ಬರುವ ಭಾನುವಾರ ಅದು ನನ್ನ ಮನೆಯಲ್ಲಿರುತ್ತದೆ. ನಿಮ್ಮನ್ನು ಏನು ಕೇಳಬೇಕೆಂದೇ ಈಗ ತಿಳಿಯುತ್ತಿಲ್ಲ.

ಮೂರನೇ ಭಾನುವಾರ, ಸಂಜೆ

ವಾರವೆಲ್ಲ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಕೇಳಿದ್ದು ಅವರು, ಗೊತ್ತಿಲ್ಲ ಎಂದಾಗ ನನಗೆ ಗೊತ್ತಿರಲಿಲ್ಲ, ಅಲ್ಲಿಗೆ ಮುಗಿಯಿತು. ಎಲ್ಲರ ಮನೆಯ ವಿಷಯಕ್ಕೂ ಮೂಗು ತೂರಿಸಬೇಕೇ? ಅವರಿಗೆ ಆ ಕೋಣೆ ಖಾಲಿಯಾದರೆ ನೆಮ್ಮದಿ, ನನ್ನ ಮನೆ ತುಂಬಿದರೆ ನೆಮ್ಮದಿ. ಗುಂಡಿಗಳ ಜಾಗದಲ್ಲಿ ಆ ಬೂದು ಸೈನಿಕರು ನಿಂತಿರುವುದನ್ನು ಕಣ್ಣ ಮುಂದೆ ತಂದುಕೊಂಡರೆ ಸುಖವಾಗುತ್ತಿತ್ತು. ಯಾರೋ ಬಂದು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಹಾಗೆ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಮನೆ ತುಂಬ ಬಿಕೋ ಅನ್ನುತ್ತದೆ, ಇವರೇ. ನೀವು ಹೋದ ದಿನದಿಂದಲೂ ಅನ್ನುತ್ತಿದೆ. ಪತ್ರಗಳಲ್ಲಿ ಕುದುರೆ, ಕೋಟೆ ಎಂದು ಬರೆಯುವಾಗ ಅದಕ್ಕೆ ಜಾಗ ಸಿಗಲಿಲ್ಲ.

ಡಬ್ಬಿ, ಹತ್ತಿ ತೆಗೆದುಕೊಂಡು ಹೋದೆ. ಟೀಚರ್ ಕೋಣೆಯ ಕಿಟಕಿ ತೆರೆದಿಟ್ಟಿದ್ದರು. ನಾನು ಬೂದು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಮಲಗಿಸತೊಡಗಿದೆ. ಅವರು ನೋಡುತ್ತ ನಿಂತಿದ್ದರು. ಎಡಗಡೆಯ ಸಾಲು ಮುಗಿಯಿತು. ಆಗ ಅವರು ಮುಂದೆ ಬಂದು ಆ ಬಾವುಟವನ್ನು ಕಿತ್ತು ನನ್ನ ಕೈಗೆ ಕೊಟ್ಟರು.

"ಇದನ್ನೂ ತಗೊಂಡು ಹೋಗಿ. ಇದಕ್ಕೆ ಸೇರಿದ್ದೇ ಇರಬೇಕು" ಎಂದರು.

ಹಲ್ಲುಕಡ್ಡಿಗೆ ಏನು ತೂಕವಿರುತ್ತದೆ ಹೇಳಿ. ಅದನ್ನು ಹಿಡಿದುಕೊಂಡು ಸುಮ್ಮನೆ ನಿಲ್ಲಲು ನನ್ನಿಂದ ಆಗಲಿಲ್ಲ. ಅದು ಏನೆಂದು ಹೇಳಿಬಿಟ್ಟೆ. ಯಾರಿಗೆ ಬೇಕಾಗುತ್ತದೆ, ಯಾರಿಗೆ ಬೇಕಾಗುವುದಿಲ್ಲ, ಎಲ್ಲ ಹೇಳಿದೆ. ಗಣಿತದ ಟೀಚರ್ ಅಲ್ಲವೇ, ನಾನು ಮುಗಿಸುವ ಮುಂಚೆಯೇ ಅವರಿಗೆ ಉತ್ತರ ಹೊಳೆದಿತ್ತು. ಮುಖ ಆ ಕಡೆ ತಿರುಗಿಸಿಕೊಂಡರು. ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು, ಬಹಳ ಹೊತ್ತು ನೀರು ಸುಮ್ಮನೆ ಹರಿಯಿತು. ಕೆಳಗಿನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕುಟ್ಟುವ ಸದ್ದು ಬೇರೆ. ನಾನು ಕಾಯದೆ ಡಬ್ಬಿಯಿಂದ ಸೈನಿಕರನ್ನು ಬಿಚ್ಚತೊಡಗಿದೆ. ಏನಾಗಲಿದೆ ಎಂದು ನನಗೆ ಗೊತ್ತಿತ್ತಲ್ಲ.

ಟೀಚರ್ ವಾಪಸು ಬಂದಾಗ ಮುಖ ಒದ್ದೆಯಾಗಿತ್ತು, ಬೆನ್ನು ಮಾತ್ರ ನೆಟ್ಟಗೇ ಇತ್ತು. ಕ್ಷಮಿಸಿ, ಮಾರಲು ಆಗುವುದಿಲ್ಲ ಎಂದರು. ಗೊತ್ತು ಎಂದೆ. ಯಾವ ಸೈನಿಕ ಎಲ್ಲಿದ್ದ ಎಂದು ನನಗೆ ನೆನಪಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲರು. ಈ ಭರ್ಜಿಯವನು ಗುಡ್ಡದ ಬುಡಕ್ಕೆ, ಈ ಕುದುರೆ ಸ್ವಲ್ಪ ಓರೆಗೆ, ಹ್ಞಾ, ಅಷ್ಟೇ. ಎಲ್ಲ ನಿಂತ ಮೇಲೆ ಬಾವುಟವನ್ನು ಅದರ ತೂತಿಗೆ, ಬೂದು ಸೈನ್ಯದ ಕಡೆಗೆ, ಸಿಕ್ಕಿಸಿದೆ. ಸರದಿ ಯಜಮಾನರದು.

ಇಬ್ಬರೂ ಹೊಳೆಯ ನಡುವೆ ನಿಂತ ಬಿಲ್ಲಿನವನನ್ನು ನೋಡುತ್ತ ನಿಂತೆವು.

"ಅವನನ್ನ ದಡಕ್ಕೆ ಇಡ್ತೀರಾ?" ಎಂದು ಕೇಳಿದರು ಟೀಚರ್. "ನಾನೇ ಇಟ್ರೆ ಅದು ಲೆಕ್ಕಕ್ಕಿಲ್ಲ."

ಯಜಮಾನರ ಕುರ್ಚಿಯಲ್ಲಿ ಕೂತೆ. ಕಣ್ಣಿಗೆ ಕಾಣದಂಥ ಸ್ಕ್ರೂಗಳನ್ನು ದಿನಾ ಹಿಡಿಯುವ ಬೆರಳುಗಳಿಂದಲೇ ಬಿಲ್ಲಿನವನನ್ನು ಎತ್ತಿ, ಮೊದಲಿದ್ದ ದಡದ ಮೇಲೆ ಇಟ್ಟೆ. ಆಮೇಲೆ ಬೂದು ಸೈನ್ಯದ ಒಂದು ಸಣ್ಣ ನಡೆ ನಡೆಸಿ, ಬಾವುಟವನ್ನು ಕಿತ್ತು ಅವರ ಕಡೆ ನೆಟ್ಟೆ. ಟೀಚರ್ ಧೂಳಿನ ಬಟ್ಟೆಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಎದುರಿನ ಕುರ್ಚಿ ಎಳೆದು ಕೂತರು. ಮದುವೆಯಾದಾಗಿನಿಂದ ಆ ಕುರ್ಚಿಯ ಧೂಳು ಹೊಡೆದಿದ್ದರೇ ಹೊರತು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲವಂತೆ. ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು ತಮ್ಮ ಹಳದಿ ಸೈನಿಕರ ಮುಖಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ನಡೆ ನಡೆಸಿದರು. ಬಹಳ ಗಟ್ಟಿ ಆಟಗಾತಿ, ನಿಮಗಿಂತ ಗಟ್ಟಿ. ಕತ್ತಲಾಗುವ ಹೊತ್ತಿಗೆ ನನ್ನ ಎಡಗಡೆಯ ಸಾಲು ಪೂರ್ತಿ ಚೆದುರಿಹೋಗಿತ್ತು. ಬರುವ ಭಾನುವಾರವೂ ಬನ್ನಿ, ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದಿದ್ದಾರೆ.

ಖಾಲಿ ಡಬ್ಬಿ ಹಿಡಿದು ಮನೆಗೆ ಬಂದೆ. ಸೈನ್ಯ ಕೊಳ್ಳಲಿಲ್ಲ. ನಿಮ್ಮ ಸಲಹೆ ಇನ್ನು ಬೇಡ.

ಒಂದು ಮಾತು ಮಾತ್ರ ಹೇಳಬೇಕು. ಅವರಿಬ್ಬರೂ ಒಂದೇ ಮನೆಯಲ್ಲಿದ್ದು ಮೇಜಿನ ಮೇಲೆ ಮಾತಾಡಿಕೊಂಡರು. ನಾವು ಎರಡು ಊರುಗಳಲ್ಲಿದ್ದು ಅದನ್ನೇ ಮಾಡಿದೆವು. ಅವರಲ್ಲಿ ಒಬ್ಬರು ತೀರಿಹೋದ ಮೇಲೆ ಬಾವುಟ ಒಂದೇ ಕಡೆ ಉಳಿಯಿತು. ನಮ್ಮಲ್ಲಿ ಇಬ್ಬರೂ ಗಟ್ಟಿಮುಟ್ಟಾಗಿ ಇದ್ದೇವೆ, ಆದರೂ ಅದು ಒಂದೇ ಕಡೆ ನಿಂತಿದೆ. ನೀವು ದಾಳ ಹಾಕಿ ಸೋತಿರೋ, ಗೆಲ್ಲಲು ಮನಸ್ಸಿಲ್ಲವೋ, ಗೆದ್ದರೆ ಆಟ ಮುಗಿಯುತ್ತದಲ್ಲ ಎಂದು ಸುಮ್ಮನಿದ್ದೀರೋ, ಅಥವಾ ನಟ್ಟುಗಳನ್ನೆಲ್ಲ ಬಾಚಿ ಡಬ್ಬಿಗೆ ಹಾಕಿ ಆ ಜಾಗದಲ್ಲಿ ನೆಮ್ಮದಿಯಾಗಿ ಊಟ ಮಾಡುತ್ತಿದ್ದೀರೋ, ನನಗೆ ಗೊತ್ತಿಲ್ಲ. ಕಾದು ಕಾದು ಕೇಳುವ ಶಕ್ತಿಯೂ ಹೋಗಿದೆ. ಆ ಬಿಲ್ಲಿನವನು ಹೊಳೆಯಲ್ಲಿ ನಿಂತ ಹಾಗೆ ನಾನು ನಿಲ್ಲಲಾರೆ.

ಅದಕ್ಕೆ ಇವತ್ತು ಮೇಜು ಖಾಲಿ ಮಾಡಿದೆ. ಹಸಿರು ಸೈನ್ಯ ಮಂಚದಡಿಗೆ ಹೋಯಿತು. ಗುಂಡಿಗಳ ವಿಷಯ ನಿಮಗೆ ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೇ. ಅವು ಹೊಲಿಗೆ ಡಬ್ಬಿಯವಲ್ಲ. ನೀವು ಬಿಟ್ಟುಹೋದ ಅಂಗಿಗಳಿಂದ ಕತ್ತರಿಸಿ ತೆಗೆದವು. ನೀಲಿ ಗೆರೆಯ ಅಂಗಿ ನಿಮ್ಮ ಕಾಲಾಳುಗಳು, ಬಿಳಿಯದು ಕುದುರೆಗಳು, ಚಳಿಗಾಲದ ಕೋಟು ಸೇನಾಪತಿ. ಬೇರೆ ಗುಂಡಿ ಸಿಗುತ್ತಿರಲಿಲ್ಲವೇ ಎಂದು ಕೇಳಬೇಡಿ. ಈಗ ಸೂಜಿ ದಾರ ಹಿಡಿದು ಅವನ್ನು ಅವುಗಳ ಜಾಗಕ್ಕೆ ಹೊಲಿದಿದ್ದೇನೆ. ಅಂಗಿಗಳನ್ನೂ ಕೋಟನ್ನೂ ಈ ಪತ್ರದ ಜೊತೆ ಪಾರ್ಸೆಲ್ ಮಾಡುತ್ತಿದ್ದೇನೆ. ಬಂದರಿನ ಗಾಳಿ ಚಳಿಗಾಲದಲ್ಲಿ ಕೊರೆಯುತ್ತದೆ ಎಂದು ಹಿಂದೊಮ್ಮೆ ಬರೆದಿದ್ದಿರಿ, ನಡೆಯ ನಕ್ಷೆಯ ಅಂಚಿನಲ್ಲಿ, ಚಿಕ್ಕ ಅಕ್ಷರದಲ್ಲಿ. ಓದಿದ್ದೆ.

ಇವತ್ತು ಮೇಜಿನ ಮುಂದೆ ಕೂತು ಊಟ ಮಾಡಿದೆ. ಮೇಜು ಇಷ್ಟು ದೊಡ್ಡದಿದೆ ಎಂದು ಮರೆತೇ ಹೋಗಿತ್ತು.

ಆರೋಗ್ಯ ನೋಡಿಕೊಳ್ಳಿ. ಕ್ರೇನು ಹತ್ತುವಾಗ ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ.

ಇಂತು,
ನೀವು ಇಟ್ಟ ಹೆಸರನ್ನು ಇನ್ನೂ ಯಾರಿಗೂ ಕರೆಯಲು ಬಿಟ್ಟುಕೊಡದ
ಸ್ಕ್ರೂ

ತಾ. ಕ.: ಮೇಜು ಖಾಲಿ ಮಾಡುವ ಮುಂಚೆ ನಿಮ್ಮ ಪರವಾಗಿ ನಾನೇ ಒಮ್ಮೆ ದಾಳ ಹಾಕಿದೆ. ಆರು ಬಿತ್ತು. ನೋಡುವವರು ಯಾರೂ ಇರಲಿಲ್ಲ, ಐದು ಎಂದು ಬರೆಯಬಹುದಿತ್ತು. ಬಾಗಿಲು ಒಡೆಯಿತು, ನೀವು ಗೆದ್ದಿರಿ. ಆದ್ದರಿಂದ ಕೋಟಿನ ಎಲ್ಲಕ್ಕೂ ಮೇಲಿನ ಗುಂಡಿ ಇರುವುದಿಲ್ಲ, ಪಾರ್ಸೆಲ್‌ನಲ್ಲಿ ಹುಡುಕಬೇಡಿ. ಕೋಟೆಯೊಳಗೆ ಬಂದ ಸೇನಾಪತಿಯನ್ನು ಹೊರಗೆ ಕಳಿಸುವ ನಿಯಮ ನಮ್ಮ ಆಟದಲ್ಲಿ ಇಲ್ಲ.